ನಾಲ್ಕು ತಂತಿಗಳ ಸಹವಾಸ

ಐವತ್ತು ದಾಟಿದ ಮೇಲೆ ಹೊಸ ವಾದ್ಯವೊಂದನ್ನು ಕೈಗೆತ್ತಿಕೊಳ್ಳುವವರನ್ನು ಕಂಡರೆ ಜನ ಮುಗುಳ್ನಗುವುದು ಸಹಜ. ಆ ವಾದ್ಯ ವೀಣೆಯೋ ಪಿಟೀಲೋ ಆಗಿದ್ದರೆ ನಗುವಿನಲ್ಲಿ ಕೊಂಚ ಗೌರವವೂ ಬೆರೆತಿರುತ್ತದೆ. ಅದು ಬೇಸ್ ಗಿಟಾರ್ ಆಗಿದ್ದು, ನುಡಿಸಲು ಹೊರಟವರು ಧರ್ಮಕೇಂದ್ರದ ಗುರುಗಳೇ ಆಗಿದ್ದರೆ ಆ ಗೌರವವೂ ಉಳಿಯುವುದಿಲ್ಲ. ಕಳೆದ ಕೆಲವು ವರ್ಷಗಳಿಂದ ಈ ಮುಗುಳ್ನಗೆಯನ್ನು ನಾವು ಸಂತೋಷದಿಂದಲೇ ಸಹಿಸಿಕೊಂಡು ಬಂದಿದ್ದೇವೆ.

ಕೆಲವು ತಿಂಗಳ ಹಿಂದೆ ವಾಳೆಯ ಸಭೆ ಮುಗಿಸಿ ಹೊರಡುವ ವೇಳೆಗೆ ಹಿರಿಯರಾದ ಗುರಿಕಾರರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. "ಫಾದರ್, ತಾವು ಶನಿವಾರ ಗಾನವೃಂದದವರ ಜೊತೆ ಏನೋ ನುಡಿಸುತ್ತೀರೆಂದು ಮಕ್ಕಳು ಹೇಳುತ್ತಾರೆ. ನಾನೂ ಬಂದು ಕೆಳಗೆ ಕುಳಿತಿದ್ದೆ. ಕೀಬೋರ್ಡ್ ಕೇಳಿಸಿತು, ಪಿಟೀಲು ಕೇಳಿಸಿತು, ತಮ್ಮದು ಮಾತ್ರ ಕೇಳಿಸಲಿಲ್ಲ" ಎಂದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ತಮ್ಮ ಕಿವಿಯಲ್ಲೇ ದೋಷವಿರಬಹುದೆಂಬ ಅಳುಕಿತ್ತು. ಅಂದು ನಕ್ಕು ಸುಮ್ಮನಾದೆವು. ಆದರೆ ಅದೇ ಮಾತನ್ನು ಹಿಂದೊಮ್ಮೆ ನಾವೇ ಬೇರೊಬ್ಬರಿಗೆ ಹೇಳಿದ್ದೆವು. ನಗುತ್ತ ಅಲ್ಲ, ಅಧಿಕಾರದ ಕುರ್ಚಿಯಲ್ಲಿ ಕುಳಿತು. ಆ ಕಥೆಯನ್ನು ಹೇಳದೆ ಈ ವಾದ್ಯದ ವಿಚಾರ ಬರೆಯುವುದು ಪ್ರಾಮಾಣಿಕವಾಗಲಾರದು.

2021ರ ಕೊನೆಯ ತಿಂಗಳುಗಳಲ್ಲಿ, ಕೊರೋನಾ ನಿರ್ಬಂಧಗಳು ಸಡಿಲಗೊಂಡು ಗಾನವೃಂದ ಮತ್ತೆ ಅಟ್ಟವೇರಿದಾಗ, ಉದಾರಿಗಳೊಬ್ಬರು ದೇವಾಲಯಕ್ಕೆ ಹೊಸದೊಂದು ಕೀಬೋರ್ಡ್ ಕೊಟ್ಟರು. ಎಡಗೈಯ ಮೂರು ಬೆರಳುಗಳಿಂದ ಸ್ವರಗಳನ್ನು ಒತ್ತಿ ಹಿಡಿದರೆ ಸಾಕು, ಡ್ರಮ್, ಬೇಸ್, ಪಿಟೀಲುಗಳ ಸಮೂಹ ಎಲ್ಲವೂ ತಾವಾಗಿಯೇ ನುಡಿಯುವಂಥ ಯಂತ್ರ. ಆಗ ಅಟ್ಟದ ಮೂಲೆಯಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವನು ಇಪ್ಪತ್ತಾರರ ತರುಣ. ವಾರವಿಡೀ ಎ.ಸಿ. ದುರಸ್ತಿಯ ಕೆಲಸ; ಶನಿವಾರ ಸಂಜೆ ಕೈಯ ಎಣ್ಣೆ ತೊಳೆದುಕೊಂಡು ಅಭ್ಯಾಸಕ್ಕೆ ಬರುತ್ತಿದ್ದ. ಅಟ್ಟದಲ್ಲಿ ಜಾಗ ಸಾಲದೆಂಬ ಮಾತು ಸಭೆಯಲ್ಲಿ ಬಂದಾಗ, "ಬೇಸ್ ಈಗ ಪೆಟ್ಟಿಗೆಯೊಳಗೇ ಇದೆಯಲ್ಲ, ಬೇರೆ ಯಾಕೆ? ಹೇಗೂ ಅದು ಕೆಳಗೆ ಯಾರಿಗೂ ಕೇಳಿಸುವುದಿಲ್ಲ" ಎಂದು ನಾವೇ ತೀರ್ಪು ಕೊಟ್ಟೆವು. ಆತ ಏನೂ ಹೇಳಲಿಲ್ಲ. ಮುಂದಿನ ಭಾನುವಾರ ಕೆಳಗೆ ತಾಯಿಯ ಪಕ್ಕದಲ್ಲಿ ಕುಳಿತಿದ್ದ. ಯಾರೂ ಪ್ರತಿಭಟಿಸಲಿಲ್ಲ. ಪ್ರತಿಭಟಿಸುವವರಿಲ್ಲದಿದ್ದರೆ ತೀರ್ಮಾನ ಸರಿಯೆಂದು ಭಾವಿಸುವುದು ನಮ್ಮಂಥವರ ಹಳೆಯ ರೋಗ.

ಆರೇಳು ವಾರಗಳಲ್ಲಿ ಜನರ ಹಾಡುಗಾರಿಕೆ ತೆಳುವಾಯಿತು. ಮುಖಗವಸಿನಿಂದಿರಬೇಕು, ಎರಡು ವರ್ಷ ಹಾಡದೆ ಗಂಟಲು ಕಟ್ಟಿರಬೇಕು ಎಂದೆಲ್ಲ ಕಾರಣ ಹುಡುಕಿದೆವು. ನಿಜವಾದ ಕಾರಣವನ್ನು ತಿಳಿಸಿದವರು ಕೀಬೋರ್ಡ್ ನುಡಿಸುವ ಶಿಕ್ಷಕಿ. ಉದ್ದನೆಯ ದೇವಾಲಯದಲ್ಲಿ ಅಟ್ಟದ ನಾದ ಬಲಿಪೀಠದ ಬಳಿಯ ಸಾಲುಗಳನ್ನು ತಲುಪಲು ಸಮಯ ಹಿಡಿಯುತ್ತದೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ 35 ಮೀಟರಿಗೆ ಸೆಕೆಂಡಿನ ಹತ್ತನೆಯ ಒಂದು ಭಾಗ ತಡ. ಅವರ ದನಿ ಹಿಂದಿರುಗಿ ಬರಲು ಮತ್ತೊಂದು ಅಷ್ಟೇ ತಡ. ಇದರ ಮೇಲೆ ಸಾಲು ಮುಗಿದಾಗ ಮುದುಕಿಯರು ಉಸಿರೆಳೆದುಕೊಳ್ಳಬೇಕು. "ಆ ಹುಡುಗ ಅವರ ಉಸಿರಿಗಾಗಿ ಕಾಯುತ್ತಿದ್ದ, ಫಾದರ್. ನಾನು ಅವನನ್ನು ನೋಡಿ ಕಾಯುತ್ತಿದ್ದೆ. ಈ ಪೆಟ್ಟಿಗೆ ಯಾರಿಗೂ ಕಾಯುವುದಿಲ್ಲ" ಎಂದರು ಅವರು.

ಅಂದೇ ಸಂಜೆ ಆತನ ಮನೆಗೆ ಹೋದೆವು. ತಾಯಿ ಕಾಫಿ, ಹಲಸಿನ ಹಪ್ಪಳ ತಂದಿಟ್ಟು ಎಂದಿನ ಪ್ರೀತಿಯಿಂದಲೇ ಉಪಚರಿಸಿದರು. ಮಗನಿಗೂ ಕೋಪವಿರಲಿಲ್ಲ, ಇದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು. "ನಾನು ನುಡಿಸುವುದು ಜನರಿಗೆ ಕೇಳಿಸುವುದಿಲ್ಲವೆಂದು ನನಗೆ ಗೊತ್ತಿತ್ತು, ಫಾದರ್. ನಿಮಗೂ ಕೇಳಿಸುತ್ತಿರಲಿಲ್ಲವೆಂದು ಗೊತ್ತಿರಲಿಲ್ಲ" ಎಂದಷ್ಟೇ ಹೇಳಿದ. ಕ್ಷಮೆ ಕೇಳಿದೆವು. ಮತ್ತೆ ಬರಲು ಒಪ್ಪಿದ, ಆದರೆ ಒಂದು ಷರತ್ತು ಹಾಕಿದ: ಒಂದು ತಿಂಗಳು ವಾರಕ್ಕೆರಡು ಸಂಜೆ ನಾವು ಅದನ್ನು ಕೈಯಲ್ಲಿ ಹಿಡಿದು ಕಲಿಯಬೇಕು. ಪ್ರಾಯಶ್ಚಿತ್ತ ವಿಧಿಸುವ ಅಧಿಕಾರ ಪಾಪನಿವೇದನೆಯ ಪೀಠದಲ್ಲಿ ಕುಳಿತವರದ್ದು ಮಾತ್ರವೆಂದು ನಾವು ಅದುವರೆಗೆ ತಿಳಿದಿದ್ದೆವು.

ಬೇಸ್ ಗಿಟಾರ್ ಎಂದರೇನೆಂದು ತಿಳಿಯದ ಓದುಗರಿಗಾಗಿ ಎರಡು ಮಾತು. ಸಾಮಾನ್ಯ ಗಿಟಾರಿಗೆ ಆರು ತಂತಿಗಳು. ಇದಕ್ಕೆ ಸಾಧಾರಣವಾಗಿ ನಾಲ್ಕೇ. ಇ, ಎ, ಡಿ, ಜಿ ಎಂದು ಶ್ರುತಿ ಮಾಡುತ್ತಾರೆ. ಗಿಟಾರಿನ ದಪ್ಪ ತಂತಿಗಳಿಗಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ತಂತಿಯ ನುಡಿಯುವ ಉದ್ದ ಸಾಮಾನ್ಯವಾಗಿ 34 ಅಂಗುಲ. ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಆ ನಾದದ ಒಂದು ಅಲೆ ಗಾಳಿಯಲ್ಲಿ 8 ಮೀಟರಿಗಿಂತಲೂ ಉದ್ದ. ನಮ್ಮ ಅಟ್ಟದ ಅಗಲವೇ ಅಷ್ಟಿಲ್ಲ. ಆದ್ದರಿಂದ ಇದು ಕಿವಿಗಿಂತ ಮೊದಲು ಅಂಗಾಲಿಗೆ, ಬೆಂಚಿನ ಹಲಗೆಗೆ ತಿಳಿಯುತ್ತದೆ.

ಇದರ ವಯಸ್ಸು ಹೆಚ್ಚಿಲ್ಲ. 1930ರ ದಶಕದಲ್ಲಿ ಅಮೆರಿಕದ ಸಿಯಾಟಲ್ ನಗರದ ಪಾಲ್ ಟುಟ್‌ಮಾರ್ಕ್ ಎಂಬವರು ವಿದ್ಯುತ್ ಬೇಸ್ ಒಂದನ್ನು ತಯಾರಿಸಿದ್ದರೂ ಅದು ಹರಡಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದದ್ದೇ ನೆಲೆನಿಂತಿತು. ಅದುವರೆಗೆ ಮಂದ್ರ ನುಡಿಸುವವರು ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗಬೇಕಿತ್ತು. ಅದರಲ್ಲಿ ಬೆರಳಿಡುವ ಸ್ಥಾನಕ್ಕೆ ಗುರುತಿರಲಿಲ್ಲ. ಫೆಂಡರ್ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳನ್ನು ಕೂಡಿಸಿ, ಸ್ವರ ನಿಖರವಾಗಿ ಬರುತ್ತದೆಂಬ ಅರ್ಥದಲ್ಲಿ ಅದಕ್ಕೆ 'ಪ್ರೆಸಿಷನ್' ಎಂದೇ ಹೆಸರಿಟ್ಟರು. ಆ ಮಹಾಶಯರಿಗೆ ಸ್ವತಃ ಗಿಟಾರ್ ನುಡಿಸಲು ಬರುತ್ತಿರಲಿಲ್ಲವೆಂಬುದು ನಮ್ಮಂಥ ಕಲಿಕೆಯವರಿಗೆ ಸಣ್ಣ ಸಮಾಧಾನ.

ಮೊದಲ ಸಂಜೆಯ ಪಾಠ ಒಂದೇ ಸ್ವರ, ಕಾಲು ಗಂಟೆ. ಮೊಬೈಲಿನ ತಾಳಯಂತ್ರ ಟಿಕ್ ಟಿಕ್ ಎನ್ನುತ್ತಿರುತ್ತದೆ, ನಾವು ಮೀಟುತ್ತಿರುತ್ತೇವೆ. ಮೂರು ನಿಮಿಷಕ್ಕೆ ಮನಸ್ಸು ಮಾರನೆಯ ದಿನದ ಪ್ರಬೋಧನೆಯ ಕಡೆ ಓಡಿತು. ಕೂಡಲೇ ಬೆರಳು ತಾಳ ಬಿಟ್ಟಿತು. ಪ್ರಾರ್ಥನೆಯಲ್ಲಿ ಮನಸ್ಸು ಅಲೆದರೆ ಹೊರಗಿನವರಿಗೆ ಗೊತ್ತಾಗುವುದಿಲ್ಲ, ಇದರಲ್ಲಿ ಆ ಸೌಲಭ್ಯವಿಲ್ಲ. ಎರಡನೆಯ ವಾರ ಬೆರಳ ತುದಿಗಳಲ್ಲಿ ಗುಳ್ಳೆ ಎದ್ದವು. ಮೂರನೆಯ ವಾರದ ಪಾಠವೇ ನಮ್ಮನ್ನು ಹೆಚ್ಚು ಕಾಡಿತು. "ಸ್ವರ ಎಲ್ಲಿ ಶುರುವಾಗಬೇಕೆಂದು ಎಲ್ಲರೂ ನೋಡುತ್ತಾರೆ, ಎಲ್ಲಿ ನಿಲ್ಲಬೇಕೆಂದು ನೋಡುವವರು ಕಡಿಮೆ" ಎಂದ ಆತ. ಮೀಟಿದ ತಂತಿಯನ್ನು ಎಡಗೈ ಬೆರಳನ್ನು ತುಸು ಸಡಿಲಿಸಿ ಮೌನಗೊಳಿಸಬೇಕು. ಬೇಗ ನಿಲ್ಲಿಸಿದರೆ ಹಾಡು ಕುಣಿಯುತ್ತದೆ, ತಡವಾಗಿ ನಿಲ್ಲಿಸಿದರೆ ಕೆಸರಾಗುತ್ತದೆ. ನಮ್ಮ ಪ್ರಬೋಧನೆಗಳ ಉದ್ದವನ್ನು ಬಲ್ಲ ಓದುಗರು ಇಲ್ಲಿ ನಗಬಹುದು.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಪೈಥಾಗೊರಸನ ಕಮ್ಮಾರಸಾಲೆಯ ಕಥೆಯನ್ನು ಬಾಯಿಪಾಠ ಮಾಡಿದ್ದೆವು. ಸುತ್ತಿಗೆಗಳ ಸದ್ದಿನಲ್ಲಿ ಸ್ವರಮೈತ್ರಿ ಕೇಳಿ ಅವುಗಳ ತೂಕ ಹಾಕಿದಾಗ ಒಂದಕ್ಕೆರಡು, ಎರಡಕ್ಕೆ ಮೂರು ಎಂಬ ಅನುಪಾತಗಳು ಸಿಕ್ಕವೆಂಬುದು ಆ ಕಥೆ. ಸುತ್ತಿಗೆಗಳು ಹಾಗೆ ನುಡಿಯುವುದಿಲ್ಲ. ತಂತಿಗೆ ಕಟ್ಟಿದ ತೂಕದ ವಿಷಯದಲ್ಲೂ ಆ ಲೆಕ್ಕ ತಪ್ಪೆಂದು, ಒಂದು ಸ್ಥಾಯಿ ಏರಲು ತೂಕ ನಾಲ್ಕು ಪಟ್ಟು ಬೇಕೆಂದು ಗೆಲಿಲಿಯೋನ ತಂದೆ, ಸಂಗೀತಗಾರ ವಿಂಚೆಂಜೊ ಗೆಲಿಲಿ 16ನೆಯ ಶತಮಾನದಲ್ಲಿಯೇ ತೋರಿಸಿದ. ಆದರೆ ತಂತಿಯ ಉದ್ದದ ಲೆಕ್ಕ ನಿಜ. ಅದು ಈ ವಾದ್ಯದಲ್ಲಿ ಕಣ್ಣಿಗೇ ಕಾಣುತ್ತದೆ. 12ನೆಯ ಫ್ರೆಟ್ 17 ಅಂಗುಲಕ್ಕೆ, ಸರಿಯಾಗಿ ಅರ್ಧಕ್ಕೆ ನಿಂತಿದೆ: ಅಲ್ಲಿ ಮೇಲಿನ ಸ್ಥಾಯಿ. ಏಳನೆಯದು ಉಳಿಸುವುದು ಹೆಚ್ಚುಕಡಿಮೆ ಮೂರನೆಯ ಎರಡು ಭಾಗ: ಅಲ್ಲಿ ಪಂಚಮ. ಹೆಚ್ಚುಕಡಿಮೆ ಎಂದದ್ದು ಬೇಕೆಂದೇ. ಹನ್ನೆರಡು ಸ್ವರಗಳೂ ಸಮನಾಗಿ ಹಂಚಿಕೊಳ್ಳಲು ಪ್ರತಿಯೊಂದೂ ತನ್ನ ಶುದ್ಧತೆಯಲ್ಲಿ ಕೂದಲೆಳೆಯಷ್ಟು ಬಿಟ್ಟುಕೊಟ್ಟಿದೆ. ಮೂವತ್ತು ವರ್ಷ ಪುಸ್ತಕದಲ್ಲಿದ್ದ ಪೈಥಾಗೊರಸ್ ಹೀಗೆ ಬೆರಳಿಗೆ ತಾಗಿದ.

ಅರಿಸ್ಟಾಟಲನಿಂದ ಮಾತ್ರ ನಮಗೆ ಬೆಂಬಲ ದೊರೆಯಲಿಲ್ಲ. ತನ್ನ 'ರಾಜನೀತಿ'ಯ ಕೊನೆಯ ಭಾಗದಲ್ಲಿ ಆತ ಸಂಗೀತವನ್ನು ಎಳೆತನದಲ್ಲಿ ಕಲಿಯಬೇಕು, ಸ್ಪರ್ಧೆಯ ವೃತ್ತಿಪರರಂತೆ ಆಗಬಾರದು, ವಯಸ್ಸಾದ ಮೇಲೆ ನುಡಿಸುವುದನ್ನು ಬಿಟ್ಟು ಕೇಳಿ ಆನಂದಿಸಬೇಕು ಎನ್ನುತ್ತಾನೆ. ನಾವು ಈ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ. ಎರಡನೆಯ ಮಾತನ್ನಷ್ಟೇ ಪಾಲಿಸಿದ್ದೇವೆ. ವೃತ್ತಿಪರರಾಗುವ ಅಪಾಯ ನಮಗಿಲ್ಲ. ಭಾನುವಾರ ಬಲಿಪೂಜೆ ಅರ್ಪಿಸುವವರು ನಾವೇ ಆದ್ದರಿಂದ ಅಟ್ಟದಲ್ಲಿ ನುಡಿಸುವ ಅವಕಾಶ ಬರುವುದು ಅತಿಥಿ ಗುರುಗಳು ಬಂದ ದಿನಗಳಲ್ಲಿ ಮಾತ್ರ, ವರ್ಷಕ್ಕೆ ನಾಲ್ಕೈದು ಬಾರಿ. ಉಳಿದದ್ದೆಲ್ಲ ಶನಿವಾರದ ಅಭ್ಯಾಸ.

ಬೆರಳು ಪಳಗಿದಂತೆ ಅಭಿಪ್ರಾಯಗಳೂ ಬೆಳೆದವು. ಹವ್ಯಾಸಿಗಳಲ್ಲಿ ಅಭಿಪ್ರಾಯಗಳು ಬೆರಳಿಗಿಂತ ವೇಗವಾಗಿ ಬೆಳೆಯುತ್ತವೆ. ನಮ್ಮ ಮದುವೆಯ ಸತ್ಕಾರಕೂಟಗಳಲ್ಲಿ ನುಡಿಸುವ ಬ್ಯಾಂಡ್‌ಗಳ ಬೇಸಿನ ಬಗ್ಗೆ ನಮಗೆ ಗಂಭೀರ ಆಕ್ಷೇಪವಿದೆ. ಬೈಲಾ ಶುರುವಾದೊಡನೆ ಊಟದ ತಟ್ಟೆ ಕಂಪಿಸುವಷ್ಟು ಏರಿಸಿಬಿಡುತ್ತಾರೆ. ಆಗ ಸ್ವರವೇ ಇರುವುದಿಲ್ಲ, ಗುದ್ದು ಮಾತ್ರ ಇರುತ್ತದೆ. ಹಾಗೆಯೇ, ಮಕ್ಕಳಿಗೆ ಈ ವಾದ್ಯ ಕೊಡಿಸುವ ತಂದೆತಾಯಿಗಳು ಸಾಮಾನ್ಯ ಗಿಟಾರಿನ ಸಣ್ಣ ಆಂಪ್ಲಿಫೈಯರ್ ಸಾಕೆಂದು ತಂದರೆ ಅದರ ಸ್ಪೀಕರ್ ಹರಿದೀತು. ಬೇಸಿಗೆಂದೇ ಮಾಡಿದ್ದು ಬೇಕು, ಅಥವಾ ಕೀಬೋರ್ಡಿನದಾದರೂ ಆದೀತು. ಚಿಕ್ಕ ಕೈಯವರಿಗೆ 30 ಅಂಗುಲದ ಗಿಡ್ಡ ವಾದ್ಯಗಳೂ ಸಿಗುತ್ತವೆ. ಹೆಣ್ಣುಮಕ್ಕಳಿಗೆ ಇದು ಸಲ್ಲದೆಂದು ಭಾವಿಸುವವರು ಮುಂಬಯಿಯ ಮೋಹಿನಿ ಡೇ ಅವರ ವಾದನವನ್ನು ಒಮ್ಮೆ ಕೇಳಲಿ. ಎ.ಆರ್. ರೆಹಮಾನ್ ಅವರ ಹಾಡುಗಳನ್ನು ಮೆಚ್ಚುವವರು ಕೀತ್ ಪೀಟರ್ಸ್ ಅವರ ಬೇಸನ್ನು ಹೆಸರು ತಿಳಿಯದೆಯೇ ಎಷ್ಟೋ ಸಲ ಕೇಳಿರುತ್ತಾರೆ.

ಹೆಸರು ತಿಳಿಯದೆಯೇ ಎಂದೊಡನೆ ಜೇಮ್ಸ್ ಜೇಮರ್ಸನ್ ನೆನಪಾಗುತ್ತಾರೆ. ಅಮೆರಿಕದ ಡೆಟ್ರಾಯ್ಟಿನ ಮೋಟೌನ್ ಕಂಪನಿ 1960ರ ದಶಕದಲ್ಲಿ ಹೊರತಂದ ಅಸಂಖ್ಯ ಜನಪ್ರಿಯ ಹಾಡುಗಳಲ್ಲಿ ಬೇಸ್ ನುಡಿಸಿದವರು ಅವರು. ಬಲಗೈಯ ತೋರುಬೆರಳು ಒಂದರಿಂದಲೇ ಮೀಟುತ್ತಿದ್ದರು. ಜೊತೆಗಾರರು ಆ ಬೆರಳಿಗೆ 'ಕೊಕ್ಕೆ' ಎಂದು ಹೆಸರಿಟ್ಟಿದ್ದರು. ತಂತಿಗಳನ್ನು ತುಂಡಾಗುವವರೆಗೆ ಬದಲಿಸುತ್ತಿರಲಿಲ್ಲ. ಆ ಧ್ವನಿಮುದ್ರಿಕೆಗಳ ಮೇಲೆ ಹಾಡಿದವರ ಚಿತ್ರವಿರುತ್ತಿತ್ತು, ನುಡಿಸಿದವರ ಹೆಸರಿರುತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ಧ್ವನಿಮುದ್ರಿಕೆಯೊಂದರಲ್ಲಿ ಮೊದಲಬಾರಿಗೆ ಅವರ ಹೆಸರು ಅಚ್ಚಾಯಿತು. 1983ರಲ್ಲಿ ಆ ಕಂಪನಿಯ 25ನೆಯ ವರ್ಷದ ಸಂಭ್ರಮ ನಡೆದಾಗ ವೇದಿಕೆಗೆ ಅವರನ್ನು ಕರೆಯಲಿಲ್ಲ. ಟಿಕೆಟ್ ಕೊಂಡು ದೂರದ ಆಸನದಲ್ಲಿ ಕುಳಿತು ನೋಡಿದರೆಂದು ಅವರ ಕಥೆ ಬರೆದವರು ದಾಖಲಿಸಿದ್ದಾರೆ. ಅದೇ ವರ್ಷದ ಆಗಸ್ಟಿನಲ್ಲಿ, 47ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕುಡಿತವೂ ಅವರನ್ನು ತಿಂದಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಈ ಕಥೆಯನ್ನು ನಮಗೆ ಹೇಳಿದವನು ಆ ತರುಣನೇ. ಹೇಳಿ ಮುಗಿಸಿ ನಮ್ಮ ಮುಖವನ್ನು ನೋಡಲಿಲ್ಲ, ಶ್ರುತಿ ಸರಿಪಡಿಸುವುದರಲ್ಲಿ ತೊಡಗಿದ.

ದೇವಾಲಯದೊಳಗೆ ಇಂಥ ವಾದ್ಯ ಸಲ್ಲುತ್ತದೆಯೇ ಎಂದು ಕೇಳುವವರು ಇನ್ನೂ ಇದ್ದಾರೆ. 1903ರಲ್ಲಿ ಹತ್ತನೆಯ ಪಿಯುಸ್ ಜಗದ್ಗುರುಗಳು ದೇವಾಲಯದಲ್ಲಿ ಪಿಯಾನೋವನ್ನೂ ಡೋಲು, ತಾಳಗಳಂಥ ಸದ್ದಿನ ವಾದ್ಯಗಳನ್ನೂ ನಿಷೇಧಿಸಿದ್ದರು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ತನ್ನ ಆರಾಧನಾವಿಧಿಯ ಸಂವಿಧಾನದಲ್ಲಿ ಪೈಪ್ ಆರ್ಗನ್ನಿಗೆ ಹಿರಿತನ ಉಳಿಸಿ, ಪವಿತ್ರ ಬಳಕೆಗೆ ಹೊಂದುವ ಅಥವಾ ಹೊಂದಿಸಬಹುದಾದ ಇತರ ವಾದ್ಯಗಳಿಗೂ ಸ್ಥಳೀಯ ಅಧಿಕಾರಿಗಳ ಒಪ್ಪಿಗೆಯೊಂದಿಗೆ ಬಾಗಿಲು ತೆರೆಯಿತು. ತಪಸ್ಸು ಕಾಲದಲ್ಲಿ ವಾದ್ಯಗಳು ಗಾಯನಕ್ಕೆ ಆಧಾರವಾಗಿ ಮಾತ್ರ ನುಡಿಯಬೇಕು, ತಾವಾಗಿ ಮೆರೆಯಬಾರದು ಎಂಬ ನಿಯಮವೂ ಇದೆ. ನಾಲ್ಕನೆಯ ಭಾನುವಾರಕ್ಕೆ ಹಾಗೂ ಮಹೋತ್ಸವ, ಹಬ್ಬಗಳಿಗೆ ವಿನಾಯಿತಿ. ಇದನ್ನು ಓದಿ ಹೇಳಿದಾಗ ನಮ್ಮ ಶಿಷ್ಯಗುರು ನಕ್ಕು, "ಹಾಗಾದರೆ ಬೇಸ್ ನುಡಿಸುವವನಿಗೆ ವರ್ಷವಿಡೀ ತಪಸ್ಸು ಕಾಲವೇ, ಫಾದರ್" ಎಂದ.

ಇನ್ನು ಗುರಿಕಾರರ ಪ್ರಶ್ನೆ. ಮಂದ್ರಸ್ವರವೊಂದು ನುಡಿದಾಗ 41ರ ಕಂಪನದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಕಂಪನಗಳೂ ಹೊರಡುತ್ತವೆ. ಸಣ್ಣ ಸ್ಪೀಕರಿನಲ್ಲಿ ತಳದ 41 ಹೊರಬರುವುದೇ ಇಲ್ಲ. ಆದರೂ ಕಿವಿ ಮೇಲಿನವುಗಳ ಅಂತರವನ್ನು ಅಳೆದು, ಇವೆಲ್ಲದರ ಮೂಲ ಇಂಥದ್ದಿರಬೇಕೆಂದು ಇಲ್ಲದ ಸ್ವರವನ್ನು ತಾನೇ ಕೇಳಿಸಿಕೊಳ್ಳುತ್ತದೆ. ಆರ್ಗನ್ ಕಟ್ಟುವವರು ಇದನ್ನು ಹಿಂದೆಯೇ ಬಲ್ಲರು. 32 ಅಡಿಯ ಕೊಳವೆಗೆ ಹಣವೋ ಜಾಗವೋ ಸಾಲದಿದ್ದರೆ 16 ಅಡಿಯದೊಂದನ್ನೂ ಹತ್ತೂಮುಕ್ಕಾಲು ಅಡಿಗೆ ತುಸು ಕಡಿಮೆಯದೊಂದನ್ನೂ ಒಟ್ಟಿಗೆ ಊದಿಸುತ್ತಿದ್ದರು. ಕೇಳುವವರು 32 ಅಡಿಯ ಗಂಭೀರ ನಾದವನ್ನೇ ಅನುಭವಿಸುತ್ತಿದ್ದರು.

ನಮ್ಮ ಮನೆಗಳಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆಯಿದೆ. 1990ರ ದಶಕದಲ್ಲಿ ಗಲ್ಫಿನಿಂದ ಬರುವ ಕರೆಗಾಗಿ ತಾಯಂದಿರು, ಹೆಂಡಂದಿರು ಎಸ್‌ಟಿಡಿ ಬೂತಿನ ಮುಂದೆ ಗಂಟೆಗಟ್ಟಲೆ ಕಾದು ಕುಳಿತದ್ದು ಅನೇಕರಿಗೆ ನೆನಪಿರಬೇಕು. ಆ ಕಾಲದ ದೂರವಾಣಿ ಸಾಗಿಸುತ್ತಿದ್ದುದು ಸೆಕೆಂಡಿಗೆ 300ರಿಂದ 3,400ರವರೆಗಿನ ಕಂಪನಗಳನ್ನು ಮಾತ್ರ. ಗಂಡಸಿನ ದನಿಯ ಮೂಲಸ್ವರ ನೂರರಿಂದ ನೂರೈವತ್ತರ ಆಸುಪಾಸಿನಲ್ಲಿರುತ್ತದೆ. ಅಂದರೆ ಮಗನ ದನಿಯ ತಳ ಆ ತಂತಿಯಲ್ಲಿ ಬರುತ್ತಲೇ ಇರಲಿಲ್ಲ. ಆದರೂ "ಹಲೋ" ಎಂದೊಡನೆ ಇವನು ನನ್ನ ಮಗ, ಇವನಿಗೆ ಶೀತವಾಗಿದೆ, ಊಟ ಸರಿಯಾಗಿ ಮಾಡಿಲ್ಲ ಎಂಬುದೆಲ್ಲ ತಾಯಿಗೆ ತಿಳಿಯುತ್ತಿತ್ತು. ಬಾರದ ಸ್ವರವನ್ನು ತುಂಬಿಕೊಳ್ಳುತ್ತಿದ್ದವರು ಆಕೆಯೇ.

ಆ ತರುಣನೂ 2023ರಲ್ಲಿ ಕತಾರಿಗೆ ಹೊರಟ. ಎ.ಸಿ. ಕೆಲಸ ಬಲ್ಲವರಿಗೆ ಅಲ್ಲಿ ಬೇಡಿಕೆಯಿದೆ, ಮನೆಯಲ್ಲಿ ತಂಗಿಯ ಮದುವೆಯ ಸಾಲವಿತ್ತು. ಹೋಗುವ ಮುನ್ನಾದಿನ ವಾದ್ಯವನ್ನು ಚೀಲದಲ್ಲಿಟ್ಟು ಗುರುನಿವಾಸಕ್ಕೆ ತಂದು, "ಇದು ಮೂಲೆಯಲ್ಲಿ ನಿಲ್ಲಬಾರದು, ಫಾದರ್" ಎಂದ. ಒಂದು ತಿಂಗಳ ಪ್ರಾಯಶ್ಚಿತ್ತ ಹೀಗೆ ಮುಂದುವರಿಯಿತು. ಕೀಬೋರ್ಡಿನ ಸ್ವಯಂಚಾಲಿತ ಗುಂಡಿಯನ್ನು ಶಿಕ್ಷಕಿ ಆತ ಮರಳಿದ ದಿನದಿಂದ ಮುಟ್ಟಿಲ್ಲ. ಈಗ ಭಾನುವಾರಗಳಲ್ಲಿ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ನುಡಿಸುತ್ತಾಳೆ. ಶನಿವಾರ ಮೊದಲರ್ಧ ಗಂಟೆ ಅವಳದು, ಉಳಿದದ್ದು ನಮ್ಮದು. ಅವಳು ನಮಗಿಂತ ಚೆನ್ನಾಗಿ ಕಾಯುತ್ತಾಳೆ.

ಅಭ್ಯಾಸದ ಧ್ವನಿಮುದ್ರಣವನ್ನು ಪ್ರತಿ ಶನಿವಾರ ರಾತ್ರಿ ಆತನಿಗೆ ಕಳುಹಿಸುತ್ತೇವೆ. ಮೊದಮೊದಲು "ಫಾದರ್, ನೀವು ಕೇಳಿಸುತ್ತಿಲ್ಲ" ಎಂದು ಉತ್ತರ ಬರುತ್ತಿತ್ತು. ಇಯರ್‌ಫೋನ್ ಹಾಕಿ ಕೇಳು ಎಂದ ಮೇಲೆ ತಪ್ಪುಗಳೆಲ್ಲ ಕೇಳಿಸತೊಡಗಿದವು. ತಾಯಿಯೂ ಕೆಲವೊಮ್ಮೆ ಜಪಸರ ಮುಗಿಸಿ ಅಟ್ಟದ ಮೆಟ್ಟಿಲು ಹತ್ತಿ ಬರುತ್ತಾರೆ. ಮಂಡಿನೋವಿದೆ, ಬೇಡ ಬಾಯಿ, ಕೆಳಗೇ ಕುಳಿತುಕೊಳ್ಳಿ ಎಂದರೆ ಕೇಳುವುದಿಲ್ಲ. ಹಾಡು ನಡೆಯುವಾಗ ಆಂಪ್ಲಿಫೈಯರಿನ ಮೇಲೆ ಅಂಗೈ ಊರಿ ನಿಂತಿರುತ್ತಾರೆ.

ದಪ್ಪ ತಂತಿಗೆ ಈ ಮಳೆಗಾಲದ ಉಪ್ಪುಗಾಳಿ ತಾಗಿ ತುಕ್ಕು ಹಿಡಿದಿದೆ, ನಾದ ಮಂಕಾಗಿದೆ. ಬದಲಿಸೋಣವೆಂದು ಶಿಕ್ಷಕಿ ಹೇಳುತ್ತಾರೆ. ಹಳೆಯ ತಂತಿಯ ಮಂಕಿನಲ್ಲೇ ಸೊಗಸಿದೆಯೆಂಬ ಆತನ ವಾದ ನಮಗೆ ಗೊತ್ತು. ಡಿಸೆಂಬರಿನಲ್ಲಿ ರಜೆಯ ಮೇಲೆ ಬರುತ್ತಾನೆ. ಹೊಸ ತಂತಿಗಳನ್ನು ಕೊಂಡು ತಂದು ಪೆಟ್ಟಿಗೆಯಲ್ಲಿಯೇ ಇಟ್ಟಿದ್ದೇವೆ, ಅವನು ಬಂದು ನೋಡಲಿ.